ರೋಲರ್ ಸಂದು ಎಷ್ಟಿರಬೇಕು

ಸಿರುಗುಪ್ಪದ ಅಕ್ಕಿ ಗಿರಣಿಯೊಂದಕ್ಕೆ ನಾವು ಬಳ್ಳಾರಿಯ ಸಣ್ಣ ಆಫೀಸಿನಲ್ಲಿ ಕೂತು ಎಡಿಟರ್ ಎಂಬ ಒಂದು ಕಂಪ್ಯೂಟರ್ ತಂತ್ರಾಂಶ ಮಾಡುತ್ತಿದ್ದೆವು. ಪರದೆಯ ಮೇಲೆ ಗಿರಣಿಯ ಚಿತ್ರ. ಯಾವ ಯಂತ್ರ ಒತ್ತಿದರೂ ಅದರ ಗುಣಗಳು ಬಲಗಡೆ ಸಾಲಾಗಿ ಬರಬೇಕು. ಒಂದೊಂದು ಗುಣಕ್ಕೂ ಒಂದು ಡಿಸ್ಕ್ರಿಪ್ಟರ್. ಹೆಸರೇನು, ಅಂಕಿಯೋ ಅಕ್ಷರವೋ, ತಿದ್ದಬಹುದೋ ಇಲ್ಲವೋ ಎಂದು ಹೇಳುವುದಷ್ಟೇ ಅದರ ಕೆಲಸ. ಮಾಡೆಲ್‌ನಲ್ಲಿ, ಎಂದರೆ ಯಂತ್ರಗಳ ವಿವರದ ಪಟ್ಟಿಯಲ್ಲಿ, ಗುಣವನ್ನು ಬರೆದಿದ್ದರೆ ಹುಡುಕಿದಾಗ ಸಿಗುತ್ತದೆ, ಬರೆಯದಿದ್ದರೆ ಇಲ್ಲ.

ಇದೆಲ್ಲ ಯಾಕೆಂದು ಮಾಲೀಕರು ಮೊದಲ ದಿನವೇ ಹೇಳಿದ್ದರು. "ಮಿಸ್ತ್ರಿ ತಲ್ಯಾಗ ಇರೋದೆಲ್ಲ ಇದರಾಗ ಬರ್ಲಿ. ಆಮ್ಯಾಲ ಮಿಸ್ತ್ರಿ ಯಾಕ ಬೇಕ್ರಿ?" ಯಂತ್ರಗಳನ್ನು ನೋಡಿಕೊಳ್ಳುವ, ಸಿರುಗುಪ್ಪ ಕಡೆಯ ಕರೂರಿನ ಆ ಮಿಸ್ತ್ರಿ ಪಕ್ಕದಲ್ಲೇ ಗ್ರೀಸ್ ಕೈ ಒರೆಸಿಕೊಳ್ಳುತ್ತ ನಿಂತಿದ್ದ. ನಾನು ತಲೆಯಾಡಿಸಿ ಬರೆದುಕೊಂಡೆ. ಆತನೇ ಒಂದು ವಾರ ಒಂದೊಂದು ಯಂತ್ರದ ವಿಷಯವನ್ನೂ ಬಿಡಿಸಿ ಹೇಳಿದ, ಚಹಾನೂ ಕುಡಿಸಿದ.

ತೋರಿಸುವ ದಿನ ಭತ್ತ ಸುಲಿಯುವ ಯಂತ್ರ ಒತ್ತಿದರೆ ರೋಲರ್ ಸಂದಿನ ಸಾಲೇ ಇಲ್ಲ. ಎರಡು ರೋಲರ್‌ಗಳ ನಡುವಿನ ಆ ಸಂದು ಹೆಚ್ಚಾದರೆ ಭತ್ತ ಹಾಗೇ ಉಳಿಯುತ್ತದೆ, ಕಮ್ಮಿಯಾದರೆ ಅಕ್ಕಿ ನುಚ್ಚಾಗುತ್ತದೆ.

"ಮುಖ್ಯದ್ದೇ ಇಲ್ಲಲ್ರಿ!" ಎಂದರು ಮಾಲೀಕರು.

"ಬಗ್ ಐತ್ರಿ," ಎಂದೆ. ನಮ್ಮ ಕಸುಬಿನಲ್ಲಿ ಎಲ್ಲ ಕಾಯಿಲೆಗೂ ಅದೇ ಹೆಸರು.

ಕುರುಗೋಡಿನ ನಮ್ಮ ಮನೆಯಲ್ಲಿ ಕೂತು ಎರಡು ದಿನ ಡಿಸ್ಕ್ರಿಪ್ಟರ್ ಹುಡುಕುವ ಕೋಡನ್ನು ಬೈದೆ. ಪಾಪ, ಅದು ಸರಿಯಾಗಿಯೇ ಹುಡುಕುತ್ತಿತ್ತು. ಮೂರನೇ ದಿನ ನೋಟ್‌ಬುಕ್ ತೆಗೆದರೆ ನನ್ನದೇ ಅಕ್ಷರ: 'ಸಂದು, ಹಲ್ಲಿನಿಂದ.' ಮಿಸ್ತ್ರಿ ಒಂದು ಕಾಳು ಕಡಿದು, ಎಷ್ಟು ಒಣಗಿದೆ ಎಂದು ನೋಡಿ ಸಂದು ಹೊಂದಿಸುತ್ತಿದ್ದ. ಅದಕ್ಕೆ ಅಂಕಿಯಿಲ್ಲವೆಂದು ನಾನೇ ಮಾಡೆಲ್‌ನಿಂದ ಬಿಟ್ಟಿದ್ದೆ. ಬಿಟ್ಟದ್ದನ್ನು ಮರೆತೂ ಬಿಟ್ಟಿದ್ದೆ.

ಅಂಕಿ ಕೇಳಲು ಗಿರಣಿಗೆ ಹೋದೆ.

"ಯಾವುದಾರ ಒಂದು ಹಾಕ್ರಿ," ಎಂದ ಮಿಸ್ತ್ರಿ. "ಅದೊಂದ ಬಾಕಿ ಐತಿ. ಅದು ಬಂತಂದ್ರ ನಾ ಮನಿಗೆ ಹೋಗಾಕ ಅಡ್ಡಿಯಿಲ್ಲ."

ನನಗೆ ನಾಚಿಕೆಯಾಯಿತು. ವಾರವಿಡೀ ಆತನ ಚಹಾ ಕುಡಿದು ಆತನ ಅನ್ನಕ್ಕೇ ಕಲ್ಲು ಹಾಕುತ್ತಿದ್ದೆ.

ಡಿಸ್ಕ್ರಿಪ್ಟರ್ ಸೇರಿಸಿದೆ. ಅಂಕಿಯಲ್ಲ, ಅಕ್ಷರ, ತಿದ್ದಲು ಬರುವುದಿಲ್ಲ. ಮಾಲೀಕರು ಒತ್ತಿದರು. 'ರೋಲರ್ ಸಂದು: ಮಿಸ್ತ್ರಿಯನ್ನು ಕೇಳಿ' ಎಂದು ಬಂತು.

ಅವರು ಪರದೆಯತ್ತ ಬಗ್ಗಿದರು. "ಇದೇನ್ರಿ ಇದು?"

"ಖರೇ ಉತ್ತರ ಅದೇ ರೀ, ಸಾವ್ಕಾರ್ರ. ಬ್ಯಾರೇ ಏನ ಹಾಕಿದ್ರೂ ನುಚ್ಚಾಗ್ತೈತಿ."

ಮಾಲೀಕರು ಗಲ್ಲ ಕೆರೆದುಕೊಂಡು, "ಇರ್ಲಿ ಬಿಡ್ರಿ," ಎಂದು ಎದ್ದು ಹೋದರು.

ಮಿಸ್ತ್ರಿ ಕಲಿತದ್ದು ಗಡಿಯಾಚೆಯ ತೆಲುಗು ಶಾಲೆಯಲ್ಲಿ, ಕನ್ನಡ ಓದಲು ಬಾರದು. ಪರದೆಯ ಹತ್ತಿರ ಬಂದು ಏನು ಬರೆದಿದೆ ಎಂದು ಕೇಳಿದ. ಓದಿ ಹೇಳಿದೆ.

"ಇನ್ನೊಮ್ಮೆ ಓದ್ರಿ," ಎಂದ.