ಮಫ್ಲರ್ ಸುತ್ತಿಕೊಂಡು ಬಂದವನು

ಬೆಳಿಗ್ಗೆ ಘಾಜಿಯಾಬಾದಿನ ಡೆಂಟಲ್ ಕಾಲೇಜಿನಲ್ಲಿ ಪಾಠ ಮತ್ತು ಸರ್ಜರಿ, ಸಂಜೆ ಆರರಿಂದ ದೆಹಲಿಯ ರೋಹಿಣಿಯಲ್ಲಿ ನನ್ನದೇ ಕ್ಲಿನಿಕ್. ಮೆಟ್ರೋ ಆಗ ಶಾಹದರಾ ತನಕ ಮಾತ್ರ ಇತ್ತು; ಅಲ್ಲಿಂದಾಚೆ ಶೇರ್ ಆಟೋ. ಎರಡು ದೋಣಿಯಲ್ಲಿ ಕಾಲಿಟ್ಟು ಮೂರು ವರ್ಷ ಹೇಗೋ ಸಾಗಿತ್ತು. ಆ ಚಳಿಗಾಲ ಹೊಸ ಪ್ರಿನ್ಸಿಪಾಲರು ಬಂದರು. ಕಾಲೇಜಿನ ರೋಗಿಗಳನ್ನು ಸ್ವಂತ ಕ್ಲಿನಿಕ್ಕಿಗೆ ಎಳೆದುಕೊಳ್ಳುವವರನ್ನು ಮನೆಗೆ ಕಳಿಸುತ್ತೇನೆ ಎಂದು ಮೊದಲ ಮೀಟಿಂಗಿನಲ್ಲೇ ಹೇಳಿದರು. ಹೇಳುವಾಗ ನನ್ನ ಕಡೆಯೇ ನೋಡಿದ ಹಾಗನ್ನಿಸಿತು. ನಾನು ಯಾರನ್ನೂ ಎಳೆದವಳಲ್ಲ.

ಅದಾದ ವಾರದಲ್ಲೇ ಕ್ಲಿನಿಕ್ಕಿಗೆ ಒಂದು ಫೋನ್ ಬರತೊಡಗಿತು. ರಿಸೆಪ್ಷನ್‌ನಲ್ಲಿ ಕೂರುತ್ತಿದ್ದ ಪಂಜಾಬಿ ಆಂಟಿ ಹೇಳಿದರು: "ಯಾರೋ ಗಂಡಸು. ಡಾಕ್ಟರ್ ಎಷ್ಟು ಹೊತ್ತಿಗೆ ಬರ್ತಾರೆ, ಕಾಲೇಜಿನ ಡಾಕ್ಟರೇ ತಾನೆ ಅಂತ ಕೇಳ್ತಾನೆ. ಹೆಸರು ಕೇಳಿದರೆ ಇಟ್ಟುಬಿಡ್ತಾನೆ."

ನನಗೆ ತಕ್ಷಣ ನೆನಪಾದದ್ದು ನನ್ನ ಪಿ.ಜಿ. ವಿದ್ಯಾರ್ಥಿನಿ. ಕೊಡಗಿನ ಹುಡುಗಿ, ಸೇನಾಧಿಕಾರಿಯ ಮಗಳು. ಡಿಪಾರ್ಟ್‌ಮೆಂಟಿನಲ್ಲಿ ನನ್ನೊಡನೆ ಕನ್ನಡ ಆಡುತ್ತಿದ್ದವಳು ಅವಳೊಬ್ಬಳೇ. ಹಿಂದಿನ ವಾರವಷ್ಟೇ ಕೇಳಿದ್ದಳು, "ಮೇಡಂ, ನಿಮ್ಮ ಕ್ಲಿನಿಕ್ ರೋಹಿಣೀಲಿ ಎಗ್ಸ್ಯಾಕ್ಟ್ಲಿ ಎಲ್ಲಿ? ಡೈಲೀ ಇರ್ತೀರಾ?" ಆಗ ಸಹಜವಾಗಿ ಹೇಳಿದ್ದೆ. ಈಗ ಆ ಪ್ರಶ್ನೆಗೆ ಬೇರೆಯೇ ಅರ್ಥ ಹುಟ್ಟಿತು. ಪ್ರಿನ್ಸಿಪಾಲರ ಕೋಣೆಯಿಂದ ಅವಳು ಹೊರಬರುವುದನ್ನೂ ಒಮ್ಮೆ ಕಂಡೆ. ರಜೆ ಕೇಳಲು ಹೋಗಿರಬಹುದೆಂದು ಯೋಚಿಸುವಷ್ಟು ತಾಳ್ಮೆ ನನಗಿರಲಿಲ್ಲ. ಅವಳಿಗೇ ಕೊಡುತ್ತೇನೆ ಎಂದು ಮಾತು ಕೊಟ್ಟಿದ್ದ ದವಡೆ ಮುರಿತದ ಕೇಸನ್ನು ಬೇರೊಬ್ಬನಿಗೆ ಕೊಟ್ಟೆ. ಗೋಡೆಗೆ ಅಂಟಿಸಿದ ಸರ್ಜರಿ ಲಿಸ್ಟ್ ನೋಡಿ ಅವಳು ಹಾಗೆಯೇ ಹಿಂದಿರುಗಿದಳು.

ಬಳಿಕ ಆ ಮನುಷ್ಯ ಕ್ಲಿನಿಕ್ಕಿಗೇ ಬಂದ; ಫೋನಿನ ಅದೇ ದನಿ ಎಂದು ಆಂಟಿ ಗುರುತಿಸಿದರು. ಮುಖಕ್ಕೆ ಮಫ್ಲರ್ ಸುತ್ತಿಕೊಂಡು ಮೂಲೆಯ ಕುರ್ಚಿಯಲ್ಲಿ ಕೂತ. ಒಳಗೆ ನಾನು ರೋಗಿಗಳಿಗೆ ಹೇಳುತ್ತಿದ್ದುದನ್ನು ಕಿವಿಗೊಟ್ಟು ಕೇಳಿದನಂತೆ. ಸರದಿ ಬರುವ ಮೊದಲೇ ಎದ್ದು ಹೋದ. ಎರಡು ದಿನ ಬಿಟ್ಟು ಮತ್ತೆ ಹಾಗೆಯೇ. ಮೂರನೇ ಸಲ ನಾನೇ ಬಾಗಿಲಿಗೆ ಅಡ್ಡ ನಿಂತೆ.

"ನಿಮ್ಮನ್ನ ಯಾರು ಕಳಿಸಿದ್ದು?" ಎಂದು ಹಿಂದಿಯಲ್ಲಿ ಗದರಿಸಿದೆ.

ಅವನು ಮಫ್ಲರ್ ಬಿಚ್ಚಿದ. ನಲವತ್ತರ ಆಸುಪಾಸಿನ, ನನಗೆ ಪರಿಚಯವಿಲ್ಲದ ಮುಖ. ಬಾಯಿ ತೆರೆದ ಮೇಲೆ ಗುರುತು ಹತ್ತಿತು. ಎಡಗೆನ್ನೆಯ ಒಳಗೆ ಬಿಳಿ ಮಚ್ಚೆ, ಅದರ ನಡುವೆ ಕೆಂಪು ಹುಣ್ಣು. ಹದಿನೈದು ದಿನಗಳ ಹಿಂದೆ ಕಾಲೇಜಿನಲ್ಲಿ, ಚೂರು ಮಾಂಸ ತೆಗೆದು ಬಯಾಪ್ಸಿಗೆ ಕಳಿಸಬೇಕು ಎಂದು ನಾನೇ ಹೇಳಿದ್ದ ರೋಗಿ. ಲೇತ್ ಕೆಲಸಗಾರ, ದಿನವಿಡೀ ಗುಟ್ಕಾ ಜಗಿಯುವವನು.

"ಕಾಲೇಜಲ್ಲಿ ಹುಡುಗರು ಕಲಿಯೋಕೆ ಬಡವರ ಬಾಯಿ ಕೊಯ್ತಾರೆ ಅಂತ ಜನ ಅಂದ್ರು, ಡಾಕ್ಟರ್ ಸಾಹಿಬಾ," ಎಂದ. "ಇಲ್ಲಿ ದೊಡ್ಡ ಜನ ಬರ್ತಾರಲ್ಲ, ಅವರಿಗೂ ಚೂರು ಕೊಯ್ದು ಟೆಸ್ಟ್‌ಗೆ ಕಳಿಸ್ಬೇಕು ಅಂತೀರಾ ಅಂತ ನೋಡೋಕೆ ಬಂದೆ. ಹೋದ ಸಲ ಬಂದಾಗ ಒಬ್ಬ ಸೇಠ್‌ಗೂ ಹಾಗೇ ಹೇಳಿದ್ರಂತೆ, ಹೊರಗೆ ಬಂದು ಅವನೇ ಅಂದ. ಚಲೋ, ಈಗ ನಂಬಿಕೆ ಬಂತು."

ವಿಳಾಸ ಕೊಟ್ಟವರು ಯಾರು ಎಂದೆ. "ನಿಮ್ಮ ಫೌಜಿ ಹುಡುಗಿ," ಎಂದ. ಸೇನೆಯವರ ಮಗಳೆಂದು ಕಾಲೇಜಿನಲ್ಲಿ ಕೊಡಗಿನ ಹುಡುಗಿಯನ್ನು ಹಾಗೆ ಕರೆಯುತ್ತಿದ್ದರು.

ಮರುದಿನ ಅವಳನ್ನು ಕರೆದೆ.

"ಅವರು ಎರಡು ಸಲ ಬಯಾಪ್ಸಿ ಟೇಬಲ್‌ನಿಂದ ಎದ್ದು ಹೋದ್ರು ಮೇಡಂ," ಎಂದಳು. "ಮತ್ತೆ ಬರೋದೇ ಇಲ್ಲ ಅನ್ನಿಸ್ತು. ಮೇಡಂನ ಹೊರಗೆ ನೋಡಿ ಬನ್ನಿ ಅಂತ ಅಡ್ರೆಸ್ ಕೊಟ್ಟೆ. ತಪ್ಪಾಯ್ತಾ?"

"ನನಗೆ ಹೇಳಬಹುದಿತ್ತು."

"ಹೇಳೋಕೆ ಬಂದ ದಿನಾನೇ ಲಿಸ್ಟಲ್ಲಿ ನನ್ನ ಹೆಸರಿರಲಿಲ್ಲ."

ನಾನು ಏನೋ ಸುಳ್ಳು ಸಬೂಬು ಹೇಳಿದೆ. ಆ ರೋಗಿಯನ್ನು ಕಾಲೇಜಿಗೇ ಕರೆಸಿದೆವು. ಅವಳೇ ಬಯಾಪ್ಸಿ ಮಾಡಿದಳು, ನಾನು ಪಕ್ಕದಲ್ಲಿ ನಿಂತಿದ್ದೆ. ಕ್ಯಾನ್ಸರಿನ ಆರಂಭವೆಂದು ವರದಿ ಬಂತು. ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು, ಮನುಷ್ಯ ಉಳಿದುಕೊಂಡ. ಅವನು ನನ್ನ ಕ್ಲಿನಿಕ್ಕಿಗೆ ಬಂದಿದ್ದನೆಂದು ನಾನೇ ಪ್ರಿನ್ಸಿಪಾಲರಿಗೆ ಹೋಗಿ ಹೇಳಿದೆ. ಅವರು "ಅಚ್ಛಾ" ಎಂದು ಡೈರಿಯಲ್ಲಿ ಏನೋ ಬರೆದುಕೊಂಡರು. ಏನು ಬರೆದರೋ, ಇಂದಿಗೂ ಗೊತ್ತಿಲ್ಲ.

ಆ ಹುಡುಗಿ ಕೋರ್ಸ್ ಮುಗಿಸಿ ಹೊರಟ ದಿನ ನಿಜ ಹೇಳಿದೆ: "ನಿನ್ನನ್ನ ಪ್ರಿನ್ಸಿಪಾಲರ ಗೂಢಚಾರಿಣಿ ಅಂದುಕೊಂಡಿದ್ದೆ, ಕಣೇ. ಅದಕ್ಕೇ ಕೇಸ್ ಕಿತ್ತುಕೊಂಡೆ."

"ಗೊತ್ತಿತ್ತು ಮೇಡಂ," ಎಂದಳು. "ನಾನು ರೂಮಿಗೆ ಬಂದ್ರೆ ನೀವು ಫೋನ್ ಇಟ್ಟುಬಿಡ್ತಿದ್ರಿ."

ನಗಲಿಲ್ಲ, ಬೈಯಲೂ ಇಲ್ಲ. ಬಗ್ಗಿ ನಮಸ್ಕಾರ ಮಾಡಿ ಹೋದಳು.