ಗುರುಮಲ್ಲಯ್ಯನ ಏಳು ಆನೆಗಳು

ಇಪ್ಪತ್ತಮೂರನೆಯ ವಯಸ್ಸಿಗೆ ಏಳು ಆನೆಗಳ ಒಡೆಯನಾದವನು ಇಡೀ ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಒಬ್ಬನೇ: ಭೀಮನಬೀಡಿನ ಗುರುಮಲ್ಲಯ್ಯ. ಅರಸರು ಗಜಸೇನೆ ಕಟ್ಟಬೇಕಾದರೆ ಖೆಡ್ಡಾ ತೋಡಿಸಬೇಕು, ಮಾವುತರನ್ನು ಸಾಕಬೇಕು, ಕಬ್ಬು ಬೆಲ್ಲ ಹೊಂದಿಸಬೇಕು. ಗುರುಮಲ್ಲಯ್ಯನಿಗೆ ಬೇಕಾದದ್ದು ಚಾಮರಾಜನಗರದ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಒಂದು ಮೂಲೆ, ಅಲ್ಲೊಂದು ಕಂಪ್ಯೂಟರು, ಎರಡು ಫ್ಲಾಪಿ. ಅವನ ಆನೆ ಒಂದೊಂದೂ ಅರವತ್ತನಾಲ್ಕು ಹಸಿರು ಚುಕ್ಕೆಗಳಿಂದ ಆದದ್ದು. ಮೇವು ಕೇಳುತ್ತಿರಲಿಲ್ಲ, ಲದ್ದಿ ಹಾಕುತ್ತಿರಲಿಲ್ಲ. ಸೊಂಡಿಲು ಯಾವುದು, ಬಾಲ ಯಾವುದು ಎಂಬ ವಿಚಾರದಲ್ಲಿ ಮಾತ್ರ ನೋಡಿದವರಲ್ಲಿ ಒಮ್ಮತವಿರಲಿಲ್ಲ.

ಇನ್‌ಸ್ಟಿಟ್ಯೂಟಿನ ಮಾಲೀಕರು ಶಿವಮಲ್ಲಪ್ಪನವರು. ಹನ್ನೆರಡು ಟೈಪ್‌ರೈಟರುಗಳ ಸಾಮ್ರಾಜ್ಯಕ್ಕೆ ೧೯೯೧ರಲ್ಲಿ ಎರಡು ಕಂಪ್ಯೂಟರುಗಳನ್ನು ಸೇರಿಸಿಕೊಂಡವರು. ಅವುಗಳ ಕೋಣೆಗೆ ಚಪ್ಪಲಿ ನಿಷಿದ್ಧ, ಕೆಮ್ಮು ನಿಷಿದ್ಧ, ಗಟ್ಟಿಯಾಗಿ ಮಾತಾಡುವುದೂ ನಿಷಿದ್ಧ. ಪಿಯುಸಿ ಮುಗಿಸಿ ಟೈಪಿಂಗ್ ಕಲಿಯಲು ಬಂದ ಗುರುಮಲ್ಲಯ್ಯ, ಆ ಕೋಣೆಯ ಬಾಗಿಲಲ್ಲಿ ಇಣುಕಿದವನು ಮತ್ತೆ ಕತ್ತು ಈಚೆಗೆ ತೆಗೆಯಲಿಲ್ಲ. ಟೈಪಿಂಗ್ ಪಾಸಾದ ಮೇಲೆ ಅಲ್ಲೇ ಮೇಷ್ಟ್ರಾದ. ಸಂಬಳ ಕಡಿಮೆಯಾದರೂ ಪರವಾಗಿಲ್ಲ, ಕ್ಲಾಸು ಮುಗಿದ ಮೇಲೆ ಎರಡು ಗಂಟೆ ಕಂಪ್ಯೂಟರು ಮುಟ್ಟಲು ಬಿಡಬೇಕು ಎಂದು ಕೇಳಿ ಶಿವಮಲ್ಲಪ್ಪನವರನ್ನು ದಿಗ್ಭ್ರಮೆಗೊಳಿಸಿದ.

ಕಲಿಸುವ ಗುರುವಿರಲಿಲ್ಲ. ಕಂಪ್ಯೂಟರಿನ ಜೊತೆ ಬಂದ ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಇಂಗ್ಲಿಷ್ ಪುಸ್ತಕವಿತ್ತು. ಅದನ್ನು ಓದಲು ನಿಘಂಟಿತ್ತು. ನಿಘಂಟಿನ ಅರ್ಥಕ್ಕೆ ಅರ್ಥ ಹುಡುಕಲು ತೆರಕಣಾಂಬಿಯ ಮೇಲೆ ಊರಿಗೆ ಹೋಗಿಬರುವ ಬಸ್ಸಿನ ಪ್ರಯಾಣವಿತ್ತು. ಮೊದಲ ತಿಂಗಳು ಒಂದು ಚುಕ್ಕೆಯನ್ನು ಎಡದಿಂದ ಬಲಕ್ಕೆ ಓಡಿಸಿದ. ಎರಡನೆಯ ತಿಂಗಳು ಅದನ್ನು ನಿಲ್ಲಿಸಲು ಕಲಿತ. ಮೂರನೆಯ ತಿಂಗಳು ಚುಕ್ಕೆಗೆ ನಾಲ್ಕು ಕಾಲು ಬಂದವು.

ಆಟ ಹೀಗಿತ್ತು. ಕೆಳಗೆ ರಾಗಿ ಹೊಲ, ಮಧ್ಯೆ ಅಟ್ಟಣೆ, ಮೇಲೆ ಕಾಡು. ಕಾಡಿನಿಂದ ಏಳು ಆನೆಗಳು ಒಂದೊಂದಾಗಿ ಇಳಿಯುತ್ತವೆ. ಅಟ್ಟಣೆಯ ಮೇಲೆ ಕೂತವನು ತಗಡು ಬಡಿದು, ಪಟಾಕಿ ಎಸೆದು ಬೆಳೆ ಉಳಿಸಿಕೊಳ್ಳಬೇಕು. ಮೊದಲ ಸಲ ಆಡಿದವನು ಮುಷರಫ್. ಗುಂಡ್ಲುಪೇಟೆಯಲ್ಲಿ ಅಪ್ಪನ ರೇಡಿಯೊ ರಿಪೇರಿ ಅಂಗಡಿ ನೋಡಿಕೊಳ್ಳುತ್ತಿದ್ದ, ಗುರುಮಲ್ಲಯ್ಯನ ಹೈಸ್ಕೂಲ್ ಗೆಳೆಯ.

"ಇದೇನ್ ಗುರು, ನಿನ್ ಆನೆ ಕವಾಯತ್ ಮಾಡ್ತಾವೆ?" ಎಂದ ಮುಷರಫ್. "ನೆಟ್ಟಗೆ ಬರ್ತಾವೆ, ನೆಟ್ಟಗೆ ಓಯ್ತಾವೆ. ಪೊಲೀಸ್ ಆನೇನಾ?"

ಮಾತು ನಾಟಿತು. ಮಾರನೆಯ ದಿನ ಗುರುಮಲ್ಲಯ್ಯ ತನ್ನೂರಿನ ಮಾದಣ್ಣನ ಮುಂದೆ ಹೋಗಿ ಕೂತ. ಕಾಡಂಚಿನ ಹೊಲ ಕಾಯುವುದರಲ್ಲಿ ಮಾದಣ್ಣನಿಗೆ ಮೂವತ್ತು ವರ್ಷದ ಅನುಭವ.

"ಆನೆ ನಿನ್ನಂಗೆ ದಡಬಡ ಬರಾಕಿಲ್ಲ ಕಣ್ಲಾ," ಎಂದ ಮಾದಣ್ಣ, ಬೀಡಿ ಹಚ್ಚಿಕೊಂಡು. "ನಾಕೆಜ್ಜೆ ಇಕ್ತದೆ, ನಿಂತ್ಕತದೆ. ಕಿವಿಗೊಟ್ಟು ಕೇಳ್ತದೆ. ಮೊದ್ಲ ಸಲ ತಗಡು ಬಡುದ್ರೆ ಓಡ್ತದೆ. ಎಡ್ಡನೇ ಸಲ ತಿರುಗಿ ನೋಡ್ತದೆ. ಮೂರನೇ ಸಲಕ್ಕೆ 'ಓ, ಇವ್ನು ಬರೀ ಸದ್ದು ಮಾಡೋನು' ಅಂತ ಗೊತ್ತಾಗ್ಬುಡ್ತದೆ. ಆಮೇಕೆ ನೀನು ಬಡ್ಕತಾ ಇರು, ಅದು ಮೇಯ್ತಾ ಇರ್ತದೆ."

ಇದನ್ನು ಕಂಪ್ಯೂಟರಿಗೆ ಅರ್ಥ ಮಾಡಿಸಲು ಒಂದೂವರೆ ವರ್ಷ ಹಿಡಿಯಿತು. ಎಷ್ಟು ಹೆಜ್ಜೆಗೆ ನಿಲ್ಲಬೇಕು, ಎಷ್ಟು ಹೊತ್ತು ಕೇಳಬೇಕು, ಯಾವ ಸದ್ದಿಗೆ ಹೆದರಿಕೆ ಎಷ್ಟು ಇಳಿಯಬೇಕು, ಎಲ್ಲಕ್ಕೂ ಒಂದೊಂದು ಅಂಕಿ. ಏಳು ಆನೆಗೆ ಏಳು ಸ್ವಭಾವ. ಮೊದಮೊದಲು ಅಂಕಿಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟ. ದಿನಕ್ಕೆ ಹತ್ತು ಸಲ ತಿದ್ದತೊಡಗಿದ ಮೇಲೆ ಬರೆಯುವುದನ್ನು ಬಿಟ್ಟ. ಎಲ್ಲ ಫ್ಲಾಪಿಯಲ್ಲೇ ಇತ್ತು. ಆ ಕಂಪ್ಯೂಟರುಗಳಿಗೆ ಸ್ವಂತ ನೆನಪಿರಲಿಲ್ಲ, ಸ್ವಿಚ್ ಆರಿಸಿದರೆ ಜನ್ಮಾಂತರ. ಅದಕ್ಕೇ ಎರಡು ಫ್ಲಾಪಿ: ಒಂದು ಅಸಲು, ಒಂದು ನಕಲು.

ಅವ್ವ ಪುಟ್ಟಮಾದಮ್ಮನಿಗೆ ಇದಾವುದೂ ಒಪ್ಪಿತವಿರಲಿಲ್ಲ.

"ಇಪ್ಪತ್ಮೂರಾಯ್ತು ಕಣ್ಲಾ. ಇನ್ನೂ ಆಟ ಆಡ್ಕಂಡು ಕುಂತಿದ್ದಿಯಲ್ಲಾ."

"ಆಡೋದಲ್ಲ ಕಣವ್ವ, ಆಟ ಮಾಡೋದು."

"ಯಾವ್ದಾದ್ರೂ ಒಂದು ಕೆಲ್ಸಾನೂ ಮಾಡು ಮತ್ತೆ. ಕರಿಕಲ್ ಕ್ವಾರಿ ಆಪೀಸ್ನಲ್ಲಿ ಟೈಪ್ ಮಾಡೋನು ಬೇಕಂತೆ. ನಿಮ್ಮಾವ ಹೇಳವ್ನೆ. ದೀಪಾವಳಿ ಗಂಟ ಸುಮ್ಕಿರ್ತಿನಿ, ಆಮೇಕೆ ನಾನೇ ಕೈ ಹಿಡ್ದು ಕರ್ಕಂಡೋಗಿ ಕೂರುಸ್ತಿನಿ."

೧೯೯೩ರ ದಸರೆಗೆ ಹತ್ತು ದಿನ ಮುಂಚೆ, ಅವನು ಬರೆದಿದ್ದಕ್ಕೆ ಉತ್ತರವಾಗಿ ಮೈಸೂರಿನಿಂದ ಕಾಗದ ಬಂತು. ಕಂಪ್ಯೂಟರು ಮಾರುವ ಅಂಗಡಿಯವರು ಬರೆದಿದ್ದರು: ಕೊಂಡವರಿಗೆ ಜೊತೆಯಲ್ಲೊಂದು ಆಟ ಕೊಡುವ ಆಲೋಚನೆಯಿದೆ, ನಿಮ್ಮ ಆನೆಯ ಆಟದ ವಿವರ ಹಿಡಿಸಿತು, ವಿಜಯದಶಮಿಯ ಮಾರನೆ ದಿನ ಸೋಮವಾರ ತಂದು ತೋರಿಸಿ, ಒಪ್ಪಿಗೆಯಾದರೆ ಅಂಗಡಿಯಲ್ಲೇ ಕೂತು ಇನ್ನೂ ಮೂರು ಆಟ ಮಾಡಿಕೊಡಬೇಕು. ಗುರುಮಲ್ಲಯ್ಯ ಇದನ್ನು ಅವ್ವನಿಗೆ ಓದಿ ಹೇಳಿದ. ಪುಟ್ಟಮಾದಮ್ಮ ಕೊನೆಯವರೆಗೂ ಕೇಳಿದಳು. ಕಾಗದ ಈಸಿಕೊಂಡು ದೇವರ ಗೂಡಿನಲ್ಲಿಟ್ಟಳು.

ಆಯುಧಪೂಜೆಯ ಬೆಳಿಗ್ಗೆ ಮನೆಯ ನಡುವೆ ಮಣೆ ಹಾಕಿ ಕುಡುಗೋಲು, ಗುದ್ದಲಿ, ಮಚ್ಚು, ಈಳಿಗೆಮಣೆ ಎಲ್ಲವನ್ನೂ ತೊಳೆದು ಸಾಲಾಗಿ ಇಟ್ಟಳು. ಆಮೇಲೆ ಮಗನ ಕಡೆ ತಿರುಗಿದಳು.

"ನಿನ್ನ ಆಯುಧ ಎಲ್ಲಿ ಕಣ್ಲಾ?"

ಎರಡು ವರ್ಷದಲ್ಲಿ ಅವ್ವ ಗುರುಮಲ್ಲಯ್ಯನ ಕಸುಬನ್ನು ಕಸುಬೆಂದು ಕರೆದದ್ದು ಇದೇ ಮೊದಲು. ಇನ್‌ಸ್ಟಿಟ್ಯೂಟಿಗೆ ಮೂರು ದಿನ ರಜೆ. ಸೋಮವಾರಕ್ಕೆಂದು ಎರಡೂ ಫ್ಲಾಪಿಗಳನ್ನು ಮನೆಗೇ ತಂದಿಟ್ಟುಕೊಂಡಿದ್ದ. ಪಟ್ಟಾಭಿಷೇಕಕ್ಕೆ ಹೊರಟ ರಾಜಕುಮಾರನ ಗತ್ತಿನಲ್ಲಿ ಅವುಗಳನ್ನು ಕವರಿನಿಂದ ತೆಗೆದು, ಗುದ್ದಲಿಯ ಪಕ್ಕ ಇಟ್ಟು, ಹೂವು ತರಲು ಹಿತ್ತಲಿಗೆ ಹೋದ.

ಆ ಕಾಲದ ಫ್ಲಾಪಿ ಎಂದರೆ ಅಂಗೈಗಿಂತ ಅಗಲದ ತೆಳ್ಳನೆ ಕರಿ ಚೌಕ. ಅದರಲ್ಲೊಂದು ಉದ್ದನೆಯ ಕಿಂಡಿ. ಕಿಂಡಿಯೊಳಗೆ ಕಂದು ಬಣ್ಣದ ತಟ್ಟೆ ಹೊಳೆಯುತ್ತದೆ. ಬರೆದದ್ದೆಲ್ಲ ಇರುವುದು ಆ ತಟ್ಟೆಯ ಮೇಲೆ. ಅದಕ್ಕೆ ಬೆರಳು ಸೋಕಬಾರದು. ಆದರೆ ವಿಭೂತಿ ಕಲಸಿಕೊಂಡು ಕೂತ ಹೆಂಗಸೊಬ್ಬಳ ಕಣ್ಣಿಗೆ, ಅಷ್ಟು ಕಪ್ಪಿನ ನಡುವೆ ಅದೊಂದೇ ಜಾಗ ಹಣೆಯ ಹಾಗೆ ಕಾಣುತ್ತದೆ.

ಗುರುಮಲ್ಲಯ್ಯ ಚೆಂಡುಹೂವು ಹಿಡಿದು ಬಂದಾಗ ಪೂಜೆ ಅರ್ಧ ಮುಗಿದಿತ್ತು. ಅಸಲಿಗೊಂದು, ನಕಲಿಗೊಂದು, ಕಿಂಡಿಗೆ ಅಡ್ಡಲಾಗಿ ಮೂರು ಬೆರಳಿನ ದಪ್ಪ ವಿಭೂತಿ ಪಟ್ಟೆ. ನಡುವೆ ಕುಂಕುಮ. ತಿರುಗಿಸಿ ಹಿಂದುಗಡೆಯ ಕಿಂಡಿಗೂ ಬಳಿದಿದ್ದಳು; ದೇವರ ಕೆಲಸದಲ್ಲಿ ಪುಟ್ಟಮಾದಮ್ಮ ಅರೆಬರೆ ಮಾಡುವವಳಲ್ಲ.

"ಕುಡ್ಲಿಗಿಂತ ನಿಂದ್ಕೇ ಜಾಸ್ತಿ ಇಕ್ಕಿವ್ನಿ ಕಣಪ್ಪ," ಎಂದಳು, ಮುಖ ಅರಳಿಸಿಕೊಂಡು. "ಮೈಸೂರಿಗೆ ಓಯ್ತದಲ್ಲ."

ವಿಭೂತಿ ಇನ್ನೂ ಹಸಿಯಾಗಿತ್ತು. ಆ ಕ್ಷಣ ಹತ್ತಿಯಿಂದ ಒರೆಸಿದ್ದರೆ ನಾಲ್ಕು ಆನೆಯಾದರೂ ಉಳಿಯುತ್ತಿದ್ದವೇನೋ. ಆದರೆ ಪೂಜೆಗಿಟ್ಟ ಆಯುಧವನ್ನು ಮಾರನೆ ಬೆಳಿಗ್ಗೆಯವರೆಗೆ ಕದಲಿಸುವಂತಿಲ್ಲ. ಕದಲಿಸಬೇಕಾದರೆ ಏಕೆಂದು ಹೇಳಬೇಕು. ಹೇಳಿದರೆ ಅರಳಿದ ಆ ಮುಖ ಏನಾಗುತ್ತದೆಂದು ಅವನಿಗೆ ಗೊತ್ತಿತ್ತು. ನಮ್ಮ ಗಜಪತಿ, ಜೀವಮಾನದ ಯುದ್ಧವನ್ನು ಅಲ್ಲೇ, ಕೈಯಲ್ಲಿ ಚೆಂಡುಹೂವು ಹಿಡಿದುಕೊಂಡೇ ಸೋತ. ಹೂವನ್ನು ಅವ್ವನ ಕೈಗೆ ಕೊಟ್ಟು ಅಡ್ಡಬಿದ್ದ. ಅಂದು ಸಂಜೆಯವರೆಗೆ ಗೋಡೆಗೊರಗಿ ಕೂತು ವಿಭೂತಿ ಒಣಗುವುದನ್ನು ನೋಡಿದ.

ದಶಮಿಯ ದಿನ ಮುಷರಫ್ ಅಂಗಡಿಯ ಬಾಗಿಲು ಅರ್ಧ ತೆರೆದು, ಟೇಪ್‌ರೆಕಾರ್ಡರ್ ತೊಳೆಯುವ ಸ್ಪಿರಿಟ್ ತೆಗೆದ.

"ಯಾರ್ ಮಾಡಿದ್ದು ಗುರು?"

"ಅವ್ವ."

ಮುಷರಫ್ ಬಾಯಿಗೆ ಬಂದ ಬೈಗುಳವನ್ನು ನುಂಗಿಕೊಂಡು ಹತ್ತಿ ಸುತ್ತತೊಡಗಿದ. ಮಧ್ಯಾಹ್ನ ಇಬ್ಬರೂ ಬಸ್ಸು ಹತ್ತಿ ಚಾಮರಾಜನಗರಕ್ಕೆ ಹೋಗಿ ಶಿವಮಲ್ಲಪ್ಪನವರನ್ನು ಹಬ್ಬದ ಊಟದ ನಿದ್ದೆಯಿಂದ ಎಬ್ಬಿಸಿದರು.

ಅಸಲು ಫ್ಲಾಪಿ ರಾಗಿ ಬೀಸುವ ಸದ್ದು ಮಾಡಿ ನಿಂತೇ ಹೋಯಿತು. ನಕಲು ಬಹಳ ಹೊತ್ತು ನರಳಿ, ಕೊನೆಗೆ ಒಂದು ಭಾಗವನ್ನು ಮಾತ್ರ ಬಿಟ್ಟುಕೊಟ್ಟಿತು. ಪರದೆಯ ಮೇಲೆ ಹೊಲ ಮೂಡಿತು. ಅಟ್ಟಣೆ ಮೂಡಿತು. ಮೂವರೂ ಉಸಿರು ಹಿಡಿದು ಕಾದರು. ಕಾಡಿನಿಂದ ಏನೂ ಇಳಿಯಲಿಲ್ಲ. ಗುಂಡ್ಲುಪೇಟೆ ತಾಲ್ಲೂಕಿನ ಚರಿತ್ರೆಯಲ್ಲೇ ಒಂದು ತೆನೆಯೂ ಹಾಳಾಗದೆ ಪೂರ್ತಿ ರಾಗಿ ಉಳಿದ ಹೊಲ ಅದೊಂದೇ.

"ಆನೆ ಎಲ್ಲೋದ್ವಯ್ಯ?" ಎಂದರು ಶಿವಮಲ್ಲಪ್ಪ.

ಗುರುಮಲ್ಲಯ್ಯ ಫ್ಲಾಪಿ ತೆಗೆದು ಕವರಿಗೆ ಹಾಕಿದ.

ಆದರೂ ಸೋಮವಾರ ಹೋದ. ಮೈಸೂರಿನ ಅಂಗಡಿಯವರು ಕೆಟ್ಟವರಲ್ಲ. ಖಾಲಿ ಹೊಲವನ್ನು ಮರ್ಯಾದೆಯಿಂದಲೇ ನೋಡಿದರು, ಕಾಫಿ ತರಿಸಿದರು, ಹದಿನೈದು ದಿನ ಕೊಟ್ಟರು. ಶಿವಮಲ್ಲಪ್ಪನವರೂ ಮನಸ್ಸು ಕರಗಿ ಇಡೀ ದಿನ ಕಂಪ್ಯೂಟರು ಬಿಟ್ಟುಕೊಟ್ಟರು. ಗುರುಮಲ್ಲಯ್ಯ ಆನೆಗಳನ್ನು ಮತ್ತೆ ಬರೆದ. ಚುಕ್ಕೆಗಳು ಬಂದವು, ಕಾಲುಗಳು ಬಂದವು, ಏಳಕ್ಕೆ ಏಳೂ ಕಾಡಿನಿಂದ ಇಳಿದವು. ಆದರೆ ಅಂಕಿಗಳು ಬರಲಿಲ್ಲ. ಒಂದೂವರೆ ವರ್ಷ ಒಂದೊಂದಾಗಿ ತಿದ್ದಿದ ಆ ನೂರಾರು ಅಂಕಿಗಳಲ್ಲಿ ನೆನಪಿದ್ದದ್ದು ಹತ್ತೋ ಹನ್ನೆರಡೋ. ಆನೆಗಳು ನಿಲ್ಲಬಾರದ ಕಡೆ ನಿಂತವು. ಒಂದಂತೂ ತಗಡು ಕೇಳಿದ್ದೇ ಅಟ್ಟಣೆಯ ಕಡೆಗೇ ಓಡಿಬಂತು. ಮುಷರಫ್ ಆಡಿ ನೋಡಿ, ಈ ಸಲ ತಮಾಷೆ ಮಾಡಲಿಲ್ಲ. "ಚೆನ್ನಾಗದೆ ಗುರು," ಎಂದ. ಅದರಿಂದಲೇ ಗುರುಮಲ್ಲಯ್ಯನಿಗೆ ಅರ್ಥವಾಯಿತು.

ಹದಿನಾರನೆಯ ದಿನ ಮೈಸೂರಿನ ಅಂಗಡಿಯವರು ಆ ಆಟವನ್ನು ಎರಡು ನಿಮಿಷ ಆಡಿ, ತಮ್ಮ ಬಳಿ ಒಂದೇ ಫ್ಲಾಪಿಯಲ್ಲಿ ಹತ್ತು ವಿದೇಶಿ ಆಟಗಳು ಬಂದಿವೆಯೆಂದು ತೋರಿಸಿದರು. ಅವೂ ಪುಕ್ಕಟೆ.

ದೀಪಾವಳಿ ಕಳೆದ ವಾರ ಅವನು ಕ್ವಾರಿ ಆಫೀಸಿನಲ್ಲಿ ಟೈಪ್‌ರೈಟರ್ ಮುಂದೆ ಕೂತ. ಕಲ್ಲಿನ ಉದ್ದ, ಅಗಲ, ದಪ್ಪ, ಲಾರಿಯ ನಂಬರು. ಚಾಮರಾಜನಗರ ಜಿಲ್ಲೆಯಾಯಿತು, ಆಫೀಸಿಗೇ ಕಂಪ್ಯೂಟರು ಬಂತು. ಅದರಲ್ಲೂ ಅವನು ಕಲ್ಲಿನ ಉದ್ದ, ಅಗಲ, ದಪ್ಪವನ್ನೇ ಬರೆದ. ಬೇಸಿಕ್ ಪುಸ್ತಕವನ್ನು ಶಿವಮಲ್ಲಪ್ಪನವರಿಗೆ ಹಿಂತಿರುಗಿಸಿದ್ದ. ಮುಷರಫ್ ಸಿಕ್ಕಿದಾಗ ಇಬ್ಬರೂ ಕ್ರಿಕೆಟ್ಟಿನ ಮಾತಾಡುತ್ತಿದ್ದರು.

ಅವ್ವನಿಗೆ ಮಾತ್ರ, ಆಟ ಮಾರಾಟವಾಯಿತು ಎಂದಿದ್ದ. ಪುಟ್ಟಮಾದಮ್ಮ ಆ ಸುದ್ದಿಯನ್ನು ಭೀಮನಬೀಡಿನಿಂದ ಹರವೆಯವರೆಗಿನ ನೆಂಟರಿಗೆಲ್ಲ ಮುಟ್ಟಿಸಿ, ಪೂಜೆಯ ಫಲವನ್ನೂ ಮರೆಯದೆ ಸೇರಿಸಿದ್ದಳು. ತೊಂಬತ್ತೊಂಬತ್ತರಲ್ಲಿ ಒಂದು ಬೆಳಿಗ್ಗೆ, ಕೆಲಸಕ್ಕೆ ಹೊರಟವನಿಗೆ ರೊಟ್ಟಿ ಕಟ್ಟಿಕೊಡುತ್ತ ಕೇಳಿದಳು:

"ಅಲ್ಲ ಕಣ್ಲಾ, ಅಷ್ಟ್ ಚೆನ್ನಾಗ್ ಆಟ ಮಾಡ್ದೋನು ಯಾಕ್ಲಾ ನಿಲ್ಲುಸ್ಬುಟ್ಟೆ? ಕಲ್ ಎಣಿಸೋ ಕೆಲ್ಸ ಯಾರ್ ಬೇಕಾದ್ರೂ ಮಾಡ್ತಾರೆ. ಇನ್ನೊಂದು ಮಾಡ್ಲಾ. ಪೂಜೆ ಮಾಡಕ್ಕೆ ನಾನಿವ್ನಿ."

"ಮಾಡ್ತಿನಿ ಕಣವ್ವ," ಎಂದ ಗುರುಮಲ್ಲಯ್ಯ. ರೊಟ್ಟಿಯ ಗಂಟನ್ನು ಚೀಲಕ್ಕೆ ಹಾಕಿಕೊಂಡು ಏಳೂವರೆಯ ಬಸ್ಸಿಗೆ ನಡೆದ.