ಸೈನ್ಯ ಬಂದ ಮೇಲಿನ ಹಗೇವು

ನಿಜಾಮನ ಆಳ್ವಿಕೆ ಮುಗಿಯುವ ಹೊತ್ತಿಗೆ ಅವನ ಕಡೆಯವರ ಹಾವಳಿ ಎದ್ದಿತು, ಭಾರತದ ಸೈನ್ಯ ಬಂತು, ಎಲ್ಲರೂ ಬಿಡುಗಡೆಯಾದರು. ವಿಮೋಚನಾ ದಿನದ ಭಾಷಣಗಳಲ್ಲಿ ಇಷ್ಟೇ. ಎಲ್ಲರೂ? ಹಾಗಿದ್ದರೆ ಕಮಲಾಪುರದ ನಮ್ಮ ಮನೆಯ ಹಗೇವಿನಲ್ಲಿ, ಜೋಳ ತುಂಬಿಡುವ ಆ ನೆಲದೊಳಗಿನ ಕುಣಿಯಲ್ಲಿ, ಸೈನ್ಯ ಬಂದ ಮೇಲೂ ಜನ ಯಾಕೆ ಅಡಗಿದ್ದರು?

ನಮ್ಮ ಅಜ್ಜ, ನಾವು ಮುತ್ಯಾ ಎನ್ನುವವನು, ಆಗ ಹತ್ತು ವರ್ಷದವನು. ಹಾವಳಿಯಲ್ಲಿ ನಮ್ಮ ಮನೆಯವರು ಹಗೇವಿನೊಳಗೆ ಇಳಿದರು. ಮೇಲೆ ಕಲ್ಲೆಳೆದು, ಹುಡುಕಿ ಬಂದವರಿಗೆ ಸುಳ್ಳು ಹೇಳಿ ಕಳಿಸಿದವನು ಪಕ್ಕದ ಮನೆಯ ಮುಸ್ಲಿಂ ಬಡಿಗ. ಸೈನ್ಯ ಬಂದ ವಾರಕ್ಕೆ ಅವನ ಹೆಂಡತಿ, ಮಗಳು ಅದೇ ಹಗೇವಿಗೆ ಇಳಿದರು. ಬಡಿಗ ಅಂಗಳದಲ್ಲೇ ಸಿಕ್ಕಿಬಿದ್ದ. ಹಾವಳಿಯ ಸೇಡೆಂದು ಎಳೆದೊಯ್ದವರು ನಮ್ಮ ಸುತ್ತಿನ ಊರವರೇ. ಅವನು ಮರಳಲಿಲ್ಲ.

ನಾನು ಇದನ್ನು ಪತ್ರಿಕೆಗೆ ಬರೆಯಲು ಕೂತಾಗ, “ಎರಡೂ ಸಲದ್ದು ಬರಿ,” ಎಂದಿದ್ದ ಮುತ್ಯಾ. “ನಿಮ್ಮಪ್ಪನ ಸುದ್ದಿ ಪೇಪರಿನ್ಯಾಗ ಬರ್ತದ ಅಂತ ಆಕಿಗೆ ಹೇಳೀನಿ.” ಆಕೆ, ಆ ಬಡಿಗನ ಮಗಳು, ಈಗ ಕಲಬುರಗಿಯ ರೋಜಾ ಬಡಾವಣೆಯಲ್ಲಿದ್ದಾರೆ.

ಪತ್ರಿಕೆಯ ವಿಶೇಷ ಸಂಚಿಕೆಯಲ್ಲಿ ನಮ್ಮವರು ಅಡಗಿದ ಮೊದಲ ಸಲದ್ದು ಮಾತ್ರ ಬಂತು. ಕಚೇರಿಗೇ ಹೋದೆ.

“ಜಾಗ ಸಾಲಲಿಲ್ರೀ. ನಾವು ಕೆಳಗಿಂದ ಕತ್ತರಸ್ತೀವಿ,” ಎಂದರು ಸಂಪಾದಕರು.

ಗಟ್ಟಿ ಮಾತನ್ನು ಕೊನೆಗಿಡುವುದು ಚರ್ಚಾಸ್ಪರ್ಧೆಯಿಂದ ಅಂಟಿದ ಚಾಳಿ. ಆ ಚಾಳಿಯೇ ಬಡಿಗನನ್ನು ಕತ್ತರಿಗೆ ಕೊಟ್ಟಿತ್ತು. ಆದರೂ ಬಿಡಲಿಲ್ಲ.

“ನಾ ಅದನ್ನ ಮ್ಯಾಲss ಬರದಿದ್ರ ಹಾಕ್ತಿದ್ರೇನ್ರೀ?”

“ಹಬ್ಬದ ದಿನ ಅದನ್ನ ಯಾಕ ಕೆದರ್ತೀರಿ?”

“ಹೋದ ತಿಂಗಳ ನೀವss ಬರದೀರಿ. ಪರದೇಶದವರು ತಾವು ಕೊಂದವರನ್ನ ಪಾಠದ ಪುಸ್ತಕದಿಂದ ತೆಗದಾರ, ನಾಚಿಕಿಲ್ಲ ಅಂತ.”

“ಅದು ಅವರ ದೇಶರೀ. ಚಹಾ ಕುಡೀರಿ.”

ಕುಡಿಯಲಿಲ್ಲ. ವಾದ ಗೆದ್ದ ಹುಮ್ಮಸ್ಸು ಗೇಟಿನವರೆಗೂ ಉಳಿಯಲಿಲ್ಲ. ಮುತ್ಯಾನ ಫೋನು ಮೂರು ಸಲ ಬಂದಿತ್ತು, ಎತ್ತಲಿಲ್ಲ.

ಸಂಚಿಕೆ ಹಿಡಿದು ಬಡಿಗನ ಮಗಳ ಮನೆಗೆ ಹೋದೆ. ರೋಜಾದಲ್ಲಿ ಆ ಮುದುಕಿ ಓಣಿಯ ನಾಲ್ಕು ಮನೆಯವರನ್ನು ಆಗಲೇ ಕರೆದು ಕೂರಿಸಿದ್ದರು. “ಬಾ ಬೇಟಾ, ಕುಂದ್ರು. ಜೋರಾಗಿ ಓದು, ಕಿವಿ ಮಂದ ಆಗ್ಯಾವ.”

ಓದಿದೆ. ಬಡಿಗ ಕಲ್ಲೆಳೆದ ಸಾಲಿಗೆ ಕೂತವರು “ವಾಹ್” ಎಂದರು. ಅಲ್ಲಿಗೆ ಅಚ್ಚು ಮುಗಿದಿತ್ತು. ಮುದುಕಿ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿ ನನ್ನ ಕಡೆ ಬಾಗಿದರು.

“ಹಾಂ, ಮುಂದ ಓದು ಬೇಟಾ. ಅಂಗಳದಾಗ ನಮ್ಮ ಅಬ್ಬಾಗ ಏನ ಮಾಡಿದ್ರು ಅಂತ ಬರದಾರ?”